ನಾಲ್ಕು ನಿಮಿಷದ ಮಾತು

ಮೊದಲ ಸಲ ವಿಮಾನದಿಂದ ಜಿಗಿಯಲು ಬಂದವರು ನನ್ನ ಕಿಟಕಿಯೆದುರು ನಿಂತು ಕೇಳುವ ಪ್ರಶ್ನೆಗಳು ಹೆಚ್ಚೆಂದರೆ ಏಳೆಂಟು. ಬೀಳುವಾಗ ಉಸಿರು ಕಟ್ಟುತ್ತದೆಯೇ? ಇಲ್ಲ. ಕನ್ನಡಕ ಹಾಕಿಕೊಳ್ಳಬಹುದೇ? ಹಾಕಿಕೊಳ್ಳಬಹುದು, ಅದರ ಮೇಲೆ ನಾವು ಕೊಡುವ ದೊಡ್ಡ ಕನ್ನಡಕ ಬಿಗಿಯಬೇಕು. ತಿಂಡಿ ತಿಂದು ಬರಬೇಕೇ? ಎರಡು ಇಡ್ಲಿ ತಿಂದು ಬನ್ನಿ, ವಿಮಾನದಲ್ಲಿ ತಲೆ ಸುತ್ತುವುದು ಹೆಚ್ಚಾಗಿ ಖಾಲಿ ಹೊಟ್ಟೆಯವರಿಗೆ. ಛತ್ರಿ ಬಿಚ್ಚದಿದ್ದರೆ? ಪ್ಯಾರಾಚೂಟನ್ನು ನಮ್ಮೂರಲ್ಲಿ ಛತ್ರಿ ಎಂದೇ ಕರೆಯುತ್ತಾರೆ. ಹೊಸಬರ ಛತ್ರಿಯನ್ನು ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಎಳೆದು ಬಿಚ್ಚುತ್ತದೆ, ಅದು ಕೈಕೊಟ್ಟರೆ ಇನ್ನೊಂದು ಛತ್ರಿ ಮೈಮೇಲೆ ಇದ್ದೇ ಇರುತ್ತದೆ. ನೆಲಕ್ಕೆ ತಾಗಿದಾಗ ಕಾಲು ಮುರಿಯುತ್ತದೆಯೇ? ಎರಡೂ ಪಾದ ಜೋಡಿಸಿ, ಮಂಡಿ ಚೂರು ಬಾಗಿಸಿ, ನೆಲ ನೋಡದೆ ದೂರದ ಮರದ ಸಾಲು ನೋಡುತ್ತಿದ್ದರೆ ಮುರಿಯುವುದಿಲ್ಲ. ತಾಗಿದ ಕೂಡಲೇ ಪಕ್ಕಕ್ಕೆ ಉರುಳಿ. ಕೈ ಮಾತ್ರ ಊರಬೇಡಿ.

ಇಷ್ಟು ಕೇಳಿ ಸಹಿ ಹಾಕಿದ ಮೇಲೆ ಪ್ರತಿಯೊಬ್ಬರೂ ಎರಡು ಹೆಜ್ಜೆ ಹೋಗಿ ತಿರುಗಿ ಬರುತ್ತಾರೆ. ದನಿ ತಗ್ಗಿಸಿ ಕೊನೆಯದನ್ನು ಕೇಳುತ್ತಾರೆ. "ನನ್ನನ್ನ ಕರೆಯೋರು ಮಧ್ಯದಲ್ಲಿ ಮಾತು ನಿಲ್ಲಿಸಿಬಿಟ್ರೆ?"

"ಹಾಗಾಗೋದು ಅಪರೂಪ," ಎನ್ನುತ್ತೇನೆ. ಆಮೇಲೆ ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡುತ್ತೇನೆ.

ನಮ್ಮೂರ ಆಕಾಶದಲ್ಲಿ ಛತ್ರಿ ಬಿಚ್ಚಿಕೊಂಡು ತೇಲುತ್ತಿರುವವರು ಮಾತು ಬಂದ ಕಡೆಗೆ ಹೋಗುತ್ತಾರೆ. ಯಾವ ಸದ್ದಾದರೂ ಸರಿ ಎಂದಲ್ಲ. ಹಿಟ್ಟಿನ ಗಿರಣಿ, ಆಡು, ರೇಡಿಯೋ, ಪುರೋಹಿತರ ಮಂತ್ರ, ಇವು ಯಾವುವೂ ಎಳೆಯುವುದಿಲ್ಲ. ಒಬ್ಬರು ಇನ್ನೊಬ್ಬರಿಗೆಂದು ಹೇಳಿದ ಮಾತು ಮಾತ್ರ ಎಳೆಯುತ್ತದೆ. ಅದಕ್ಕೇ ಶನಿವಾರ ಬೆಳಿಗ್ಗೆ ವಿಮಾನದ ಬಾಗಿಲು ತೆರೆದಾಗ ಒಂದು ಸೈರನ್ ಕೂಗುತ್ತದೆ, ಊರು ಬಾಯಿ ಮುಚ್ಚುತ್ತದೆ. ಸೊಪ್ಪಿನವಳು ಬೆರಳಲ್ಲಿ ಲೆಕ್ಕ ತೋರಿಸುತ್ತಾಳೆ. ಜಗಳವಾಡುತ್ತಿದ್ದ ಗಂಡಹೆಂಡಿರು ಅರ್ಧ ವಾಕ್ಯದಲ್ಲಿ ನಿಂತು, ಮುಖ ತಿರುಗಿಸದೆ, ಮುಂದಿನ ಸರದಿ ಯಾರದೆಂದು ನೆನಪಿಟ್ಟುಕೊಂಡು ಕಾಯುತ್ತಾರೆ. ಬಸ್ಸು ಊರ ಬಾಗಿಲಲ್ಲೇ ನಿಲ್ಲುತ್ತದೆ. ಕೆರೆಯ ಹತ್ತಿರದ ಸಣ್ಣೀರಮ್ಮನಿಗೆ ಕಿವಿ ಮಂದ. ಸೈರನ್ ಕೇಳಿಸದೆ ಎಮ್ಮೆಯೊಂದಿಗೆ ಮಾತಾಡುತ್ತಲೇ ಇರುತ್ತಾಳೆ. ಅವಳ ಮನೆಯ ಮೇಲೆ ಐದು ಜನ ಇಳಿದ ಮೇಲೆ ಊರವರೇ ಹೆಂಚು ತೆಗೆದು ಹುಲ್ಲು ಹೊದಿಸಿಕೊಟ್ಟರು.

ಆ ಹೊತ್ತಿನಲ್ಲಿ ಊರಿಗೆಲ್ಲ ಒಬ್ಬರೇ ಮಾತಾಡಬಹುದು, ಜಿಗಿದವರನ್ನು ಕರೆಯುವವರು. ಬಯಲಿನಲ್ಲಿ ಸುಣ್ಣದಿಂದ ಎಳೆದ ವೃತ್ತದೊಳಗೆ ನಿಂತು, ಛತ್ರಿ ಬಿಚ್ಚಿದ ಕ್ಷಣದಿಂದ ಪಾದ ತಾಗುವವರೆಗೆ, ಸುಮಾರು ನಾಲ್ಕು ನಿಮಿಷ, ಮೇಲಿರುವವರಿಗೆ ಮಾತು ಹೇಳುತ್ತಿರಬೇಕು. ಹಿಂದೆ ಒಂದು ಸಲ ಅವರಿಗೆ ಹೇಳಿದ್ದನ್ನು ಮತ್ತೆ ಹೇಳಿದರೆ ಎಳೆಯುವುದಿಲ್ಲ. ಹೀಗಾಗಿ ನಮ್ಮೂರಲ್ಲಿ ಸುದ್ದಿಗಳನ್ನು ಕೂಡಿಟ್ಟುಕೊಳ್ಳುತ್ತಾರೆ. ಹೆಂಡತಿ ಬಸುರಿಯಾದದ್ದನ್ನು ಗಂಡ ಎಷ್ಟೋ ಸಲ ಎರಡು ಸಾವಿರ ಅಡಿ ಎತ್ತರದಲ್ಲೇ ತಿಳಿದುಕೊಂಡಿದ್ದಾನೆ. "ಏನೋ ಮುಚ್ಚಿಡ್ತಾ ಇದೀಯ" ಎಂದು ಯಾರಾದರೂ ಕೇಳಿದರೆ "ಶನಿವಾರಕ್ಕೆ ಇಟ್ಕೊಂಡಿದೀನಿ" ಎಂದರೆ ಮುಗಿಯಿತು. ಊರು ಮೌನವಾಗಿರುವುದರಿಂದ ವೃತ್ತದಲ್ಲಿ ಆಡಿದ್ದು ಊರಿಗೆಲ್ಲ ಕೇಳಿಸುತ್ತದೆ. ಕೇಳಿಸಿಕೊಂಡದ್ದನ್ನು ಯಾರೂ ಮುಂದೆ ಎತ್ತುವುದಿಲ್ಲ. ಅಷ್ಟು ಮರ್ಯಾದೆ ಇಲ್ಲಿದೆ.

ನನ್ನ ಅಕ್ಕ ಸುಮತಿ ಹದಿಮೂರು ವರ್ಷದಿಂದ ಬಯಲಿನ ಶೆಡ್ಡಿನಲ್ಲಿ ಛತ್ರಿ ಮಡಿಸುವ ಕೆಲಸ ಮಾಡುತ್ತಾಳೆ. ಹರಿದದ್ದನ್ನು ಹೊಲಿಯುವುದೂ ಅವಳೇ. ಊರಿನ ಅರ್ಧ ಜನ ಅವಳು ಮಡಿಸಿದ ಬಟ್ಟೆಯನ್ನು ನಂಬಿ ಜಿಗಿದಿದ್ದಾರೆ, ಅವಳು ಮಾತ್ರ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಕೇಳಿದವರಿಗೆ, "ಆಕಾಶಕ್ಕೆ ನಾನು ಬೇಡ ಅಂತ ಒಂದು ಸಲ ಗೊತ್ತಾಗಿದೆ, ಮತ್ಯಾಕೆ ಹೋಗಿ ಮುಖ ತೋರಿಸ್ಲಿ" ಎನ್ನುತ್ತಿದ್ದಳು. ಅಂಥವಳು ಒಂದು ಸೋಮವಾರ ಹೊಸಬರ ಸಾಲಿನಲ್ಲಿ ನಿಂತು, ಸರದಿ ಬಂದಾಗ ನನ್ನ ಕಿಟಕಿಯೆದುರು ಬಂದಳು.

"ಒಂದು ಫಾರಂ ಕೊಡೋ ಧರಣಿ."

"ಯಾರಿಗೆ?"

"ನನಗೆ. ನನಗೆ ಮೂವತ್ಮೂರು ವರ್ಷ, ಬಿಪಿ ಇಲ್ಲ, ಎದೆನೋವಿಲ್ಲ. ಬರ್ಕೊ."

ಬರೆದುಕೊಂಡೆ. ಕರೆಯುವವರ ಹೆಸರು ಎಂಬ ಗೆರೆಗೆ ಬಂದಾಗ ಪೆನ್ನು ನಿಂತಿತು. ಅವಳು ಕಿಟಕಿಯೊಳಗೆ ಬೆರಳು ಚಾಚಿ ಆ ಗೆರೆಯ ಮೇಲಿಟ್ಟಳು. "ನಿನ್ನ ಹೆಸರು ಗೊತ್ತಲ್ಲ, ಬರಿ. ಧರಣೇಂದ್ರ ಅಂತ."

"ಅಕ್ಕ, ಫೆಲಿಕ್ಸ್ ಮೇಷ್ಟ್ರಿದಾರೆ. ಜಿಗಿಯೋರಿಗೆಲ್ಲ ಕಲಿಸೋರೇ ಅವರು, ಎಷ್ಟೋ ಜನರನ್ನ ಕರೆದೂ ಇದಾರೆ."

"ಮೇಷ್ಟ್ರು ನನಗೆ ಹೇಳೋದು ಒಂದೇ, ಹೊಲಿಗೆ ದೂರ ಆಯ್ತು ಅಂತ. ಅದನ್ನ ದಿನಾ ಹೇಳ್ತಾರೆ. ಅದು ಎಳೆಯುತ್ತಾ?"

"ನನಗೆ ಆಗಲ್ಲ. ಅಪ್ಪನ ಸಲ ಏನಾಯ್ತು ಅಂತ ಗೊತ್ತಲ್ಲ."

"ಗೊತ್ತು," ಎಂದಳು. ಹಿಂದೆ ನಿಂತವರು ಕೆಮ್ಮಿದರು. ಅವಳು ಫಾರಮ್ಮನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ನನ್ನ ಹೆಸರು ಬರೆದು ಹೋದಳು.

ಅಪ್ಪ ಶಾಲೆಯ ಗುಮಾಸ್ತರಾಗಿದ್ದರು. ಬೇರೆ ಊರಿನ ಗುಮಾಸ್ತರು ಇಸ್ಪೀಟು ಆಡುವಂತೆ ಅವರು ತಿಂಗಳಿಗೊಮ್ಮೆ ಜಿಗಿಯುತ್ತಿದ್ದರು. ಅಮ್ಮ ಇದ್ದಾಗ ಅಮ್ಮ ಕರೆಯುತ್ತಿದ್ದಳಂತೆ, ಆಮೇಲೆ ಅಕ್ಕ. ನನಗೆ ಹತ್ತೊಂಬತ್ತಾದಾಗ ಅಪ್ಪ ನನ್ನ ಹೆಸರು ಬರೆಸಿದರು. ಮೊದಲ ಎರಡು ನಿಮಿಷ ಕಾಲೇಜಿನ ಸುದ್ದಿ ಹೇಳಿದೆ. ಅದು ಮುಗಿದಾಗ ಅಪ್ಪನಿಗೆ ಹೇಳದೇ ಉಳಿದದ್ದು ಒಂದೇ ಮಾತಿತ್ತು, ಅದೂ ಒಂದು ಪ್ರಶ್ನೆ. ಬಾಯಿ ತೆರೆದೆ, ನುಂಗಿಕೊಂಡೆ. ಒಂಬತ್ತು ಸೆಕೆಂಡ್ ಸುಮ್ಮನಿದ್ದೆ ಎಂದು ಆಮೇಲೆ ಫೆಲಿಕ್ಸ್ ಮೇಷ್ಟ್ರು ಬರೆದುಕೊಂಡರು. ಆ ಒಂಬತ್ತು ಸೆಕೆಂಡಿನಲ್ಲಿ ಗಾಳಿ ಅಪ್ಪನನ್ನು ಕಲ್ಲುಕ್ವಾರಿಯ ಅಂಚಿಗೆ ಒಯ್ದಿತು. ಹಿಮ್ಮಡಿ ಒಡೆದು ಚೂರಾಯಿತು. ಬದುಕಿರುವವರೆಗೂ ಕುಂಟಿದರು. ಯಾಕೆ ಸುಮ್ಮನಾದೆ ಎಂದು ಅವರು ಕೇಳಲಿಲ್ಲ. ಬಹುಶಃ ಅವರಿಗೆ ಗೊತ್ತಿತ್ತು. ಎರಡು ವರ್ಷದ ಮೇಲೆ ಕಾಮಾಲೆಯಿಂದ ಹೋದರು, ನನ್ನ ಪ್ರಶ್ನೆ ನನ್ನಲ್ಲೇ ಉಳಿಯಿತು.

ನಾನು ಎಂ.ಎ. ಓದಿದವನು. ಓದಿದ್ದರಿಂದಲೋ ಏನೋ, ಸುಮ್ಮನಿರುವುದು ನನ್ನ ಸ್ವಭಾವ ಎಂದು ಜನ ಅಂದುಕೊಂಡಿದ್ದಾರೆ. ನಾನೂ ಹಾಗೆಯೇ ಹೇಳಿಕೊಳ್ಳುತ್ತೇನೆ. ಶನಿವಾರದ ಆ ನಾಲ್ಕು ನಿಮಿಷಗಳಲ್ಲಿ, ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಾಗ, ನನಗೆ ಒಂಥರಾ ನೆಮ್ಮದಿ. ಯಾರೂ ನನ್ನನ್ನು ಏನೂ ಕೇಳಲಾರರು.

ಆ ವಾರ ಮಾತ್ರ ಮೌನ ನನ್ನನ್ನು ಹೆದರಿಸಿತು. ಜಿಗಿಯುವ ಮನೆಯ ರೂಢಿಯಂತೆ ನಾನೂ ಅಕ್ಕನೂ ಮಾತು ಉಳಿಸಿಕೊಳ್ಳತೊಡಗಿದೆವು. ಉಪ್ಪು ಸಾಕಾ, ಬಾಗಿಲು ಹಾಕಿದೆಯಾ, ಇಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ಅವಳಿಗೆ ಎಂದೂ ಹೇಳದ್ದನ್ನು ಬರೆದೆ. ಅವಳ ಹಾಗಲಕಾಯಿ ಗೊಜ್ಜು ನನಗೆ ಸೇರುವುದಿಲ್ಲ. ಎರಡನೇ ವರ್ಷದಲ್ಲಿ ಒಂದು ವಿಷಯದಲ್ಲಿ ಫೇಲಾಗಿದ್ದೆ, ಸೆಪ್ಟೆಂಬರಿನಲ್ಲಿ ಕಟ್ಟಿ ಪಾಸಾದೆ. ಪಕ್ಕದ ಮನೆಯ ಬೆಕ್ಕಿಗೆ ಅವಳು ಪೊರಕೆಯಲ್ಲಿ ಹೊಡೆದ ದಿನ ಹಾಲು ಚೆಲ್ಲಿದ್ದು ಬೆಕ್ಕಲ್ಲ. ಲೈಬ್ರರಿಯಲ್ಲಿ ಕೆಲಸ ಮಾಡುವ ಒಬ್ಬಳನ್ನು ನಾನು ಮೂರು ವರ್ಷದಿಂದ ನೋಡುತ್ತಿದ್ದೇನೆ, ಒಂದು ಮಾತೂ ಆಡಿಲ್ಲ. ಪಿಸುಗುಡುತ್ತಾ ಗಡಿಯಾರ ನೋಡಿದೆ. ಎಷ್ಟು ನಿಧಾನವಾಗಿ ಓದಿದರೂ ಎರಡು ನಿಮಿಷ ದಾಟಲಿಲ್ಲ. ಹೊಸದಾಗಿ ಏನಾದರೂ ನೆನಪಾದೀತೆಂದು ಪುಟ ತಿರುವಿ ಕುಳಿತೆ. ನೆನಪಾಗುತ್ತಿದ್ದದ್ದು ಒಂದೇ. ಅದನ್ನು ಬರೆಯಲಿಲ್ಲ.

ಶುಕ್ರವಾರ ಸಂಜೆ ಅಕ್ಕ ತನ್ನ ಛತ್ರಿಯನ್ನು ತಾನೇ ಮಡಿಸಲು ನಿಂತಳು. ಶೆಡ್ಡಿನ ಉದ್ದ ಮೇಜಿನ ಒಂದು ತುದಿಯಲ್ಲಿ ಬಟ್ಟೆ, ಇನ್ನೊಂದು ತುದಿಯಲ್ಲಿ ಹಗ್ಗಗಳು. ಹಗ್ಗ ಬಿಗಿಯಾಗಿರಲು ಗೋಡೆಯಲ್ಲಿ ಕಬ್ಬಿಣದ ಕೊಕ್ಕೆಯಿದೆ, ಆದರೂ ಹೈಸ್ಕೂಲಿನ ದಿನಗಳಿಂದ ಆ ತುದಿಯನ್ನು ಹಿಡಿದು ನಿಲ್ಲುವವನು ನಾನು. ಅವಳಿಗೆ ಕೊಕ್ಕೆಗಿಂತ ಮನುಷ್ಯ ಆಗಬೇಕು, ಸಡಿಲ ಬಿಡು ಎಂದರೆ ಬಿಡುತ್ತಾನೆ.

ಫೆಲಿಕ್ಸ್ ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡಿದರು. ಬೆಳ್ಳಗಿನ ಮೀಸೆ, ಎರಡೂ ಮೊಣಕಾಲಿಗೆ ಪಟ್ಟಿ.

"ತನ್ನದನ್ನ ತಾನೇ ಮಡಿಸೋದಾ ಸುಮತಿ? ಬೇಡ ಅನ್ನಲ್ಲ. ಹೊಸಬರಲ್ಲಿ ಯಾರೂ ಮಾಡಿದ್ದು ನೋಡಿಲ್ಲ."

"ನೀವು ಜಿಗಿಯೋವಾಗ ನಾನು ಮಡಿಸಿದ್ದು ಆಗ್ತಿತ್ತು. ನಾನು ಜಿಗಿಯೋವಾಗ ಆಗಲ್ವಾ ಮೇಷ್ಟ್ರೇ?"

"ಆಗತ್ತಮ್ಮ. ಆ ಕಡೆ ಹೊಲಿಗೆ ಮಾತ್ರ ಸ್ವಲ್ಪ ದೂರ ಆಗಿದೆ."

ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಗಬೇಕೆಂದುಕೊಂಡೆ. ಕೈಯ ನಡುಕ ಹಗ್ಗದಗುಂಟ ಬಟ್ಟೆಯವರೆಗೆ ಹೋಯಿತು. ಅವಳು ಅಂಗೈಯಿಟ್ಟು ಆ ನಡುಕವನ್ನು ನಿಲ್ಲಿಸಿದಳು.

ಮೇಷ್ಟ್ರು ಹೊರಗೆ ನನ್ನೊಬ್ಬನನ್ನೇ ಹಿಡಿದರು. "ನಾಳೆ ಗಾಳಿ ಕ್ವಾರಿ ಕಡೆಗಿರತ್ತೆ ಅಂತ ಕಾಣತ್ತಪ್ಪ. ಮಾತು ಇದೆ ತಾನೆ?"

"ಇದೆ."

"ಎಷ್ಟಿದೆ?"

"ಎರಡು ನಿಮಿಷದ್ದು."

ಅವರು ಮೀಸೆ ಸವರಿಕೊಂಡರು. "ಉಳಿದಿದ್ದು ಎಲ್ಲಿಂದ ತರ್ತೀಯ?" ಎಂದರು. ಬೇರೆ ಯಾರನ್ನಾದರೂ ಹಾಕಿ ಎಂದು ಕೇಳಿದೆ. ಫಾರಮ್ಮಿನಲ್ಲಿ ಜಿಗಿಯುವವರೇ ಬರೆದ ಹೆಸರನ್ನು ಬದಲಾಯಿಸಲು ಬರುವುದಿಲ್ಲ, ಅವಳು ಬೇರೆ ನಿನ್ನದನ್ನು ಸ್ವಂತ ಕೈಯಲ್ಲಿ ಬರೆದಿದ್ದಾಳೆ ಎಂದರು.

ಶನಿವಾರ ಒಂಬತ್ತು ಗಂಟೆಗೆ ಸೈರನ್ ಕೂಗಿತು. ಅದು ಮುಗಿದ ಮೇಲೆ ಊರಿನ ಸದ್ದು ಒಂದೊಂದಾಗಿ ಆರಿದ್ದು ಕೇಳಿಸಿತು. ಮೊದಲು ಸಂತೆಯ ಬೀದಿ, ಆಮೇಲೆ ಬಸ್ಸಿನ ಇಂಜಿನ್ನು, ಕೊನೆಗೆ ಎಲ್ಲೋ ಒಂದು ಹೆಂಗಸಿನ ನಗು. ನಾನು ಸುಣ್ಣದ ವೃತ್ತದಲ್ಲಿದ್ದೆ. ಮೇಷ್ಟ್ರು ಪಕ್ಕದಲ್ಲಿ, ಸೈರನ್ನಿನವನಿಗೆ ಸನ್ನೆ ಮಾಡಲು ಕೆಂಪು ಬಾವುಟ ಹಿಡಿದಿದ್ದರು. ವಿಮಾನದಿಂದ ಒಂದು ಚುಕ್ಕೆ ಕಳಚಿಕೊಂಡಿತು. ಅದರ ಮೇಲೆ ಕಿತ್ತಳೆ ಬಣ್ಣ ಅರಳಿತು.

"ಅಕ್ಕ," ಎಂದೆ. "ನಿನ್ನ ಹಾಗಲಕಾಯಿ ಗೊಜ್ಜು ನನಗೆ ಇಷ್ಟ ಇಲ್ಲ. ಯಾವತ್ತೂ ಇರ್ಲಿಲ್ಲ. ನೀನು ಬಡಿಸಿ ಆ ಕಡೆ ತಿರುಗಿದಾಗ ಅನ್ನದ ಕೆಳಗೆ ಮುಚ್ಚಿಡ್ತಿದ್ದೆ."

ಕಿತ್ತಳೆ ಬಣ್ಣ ನಮ್ಮ ಕಡೆಗೆ ವಾಲಿತು. ಬಯಲಿನ ಗೋಡೆಗೆ ಒರಗಿದ್ದ ಜನರಲ್ಲಿ ಒಬ್ಬರು ಬಾಯಿಗೆ ಸೆರಗು ಒತ್ತಿಕೊಂಡರು. ಫೇಲಾದದ್ದನ್ನು ಹೇಳಿದೆ. ಛತ್ರಿ ಇನ್ನೂ ಹತ್ತಿರ ಬಂತು. ಬೆಕ್ಕಿನ ವಿಷಯ ಹೇಳಿದೆ. ಸ್ವಲ್ಪ ಬಂತು. ಲೈಬ್ರರಿಯವಳ ವಿಷಯ ಹೇಳಿದಾಗ ನಾಚಿಕೆಯಿಂದ ಬೇಗಬೇಗ ಮುಗಿಸಿಬಿಟ್ಟೆ. ಮುಗಿಸಬಾರದಾಗಿತ್ತು. ಅಲ್ಲಿಗೆ ನೋಟ್‌ಬುಕ್ಕು ಖಾಲಿಯಾಯಿತು. ಅಕ್ಕ ಇನ್ನೂ ನೀರಿನ ಟ್ಯಾಂಕಿನ ಮೇಲೆ, ಬೆರಳಿನಷ್ಟೇ ದೊಡ್ಡದಾಗಿದ್ದಳು.

"ಈ ಕಡೆ ಬಾ ಅಕ್ಕ. ಈ ಕಡೆ." ಹುಡುಗನಾಗಿದ್ದಾಗಿನಿಂದ ಸಾವಿರ ಸಲ ಆಡಿದ ಮಾತು. ಛತ್ರಿ ಕದಲಲಿಲ್ಲ. "ಹುಷಾರು," ಎಂದೆ. ಅದೂ ಹಳೆಯದೇ. ಗಾಳಿ ಅವಳನ್ನು ಮೆಲ್ಲಗೆ ಹಿಂದಕ್ಕೆ, ಕ್ವಾರಿಯ ಕಡೆಗೆ ತಳ್ಳತೊಡಗಿತು. ಅವಳು ಹಗ್ಗ ಎಳೆದು ತಿರುಗಲು ನೋಡುತ್ತಿದ್ದಳು. ನಮ್ಮೂರಲ್ಲಿ ಹಗ್ಗದಿಂದ ಅಷ್ಟೆಲ್ಲ ಆಗುವುದಿಲ್ಲ, ಅದು ಅವಳಿಗೂ ಗೊತ್ತು.

ಮೇಷ್ಟ್ರು ಮಾತಾಡುವಂತಿರಲಿಲ್ಲ. ನನ್ನ ಭುಜ ಹಿಡಿದು ಒತ್ತಿದರು. ನಾನು ಎಣಿಸುತ್ತಿದ್ದೆ. ಮೂರು. ನಾಲ್ಕು. ಸುತ್ತ ಎಂಥ ಮೌನವಿತ್ತೆಂದರೆ ಮೇಷ್ಟ್ರ ಗಡಿಯಾರದ ಸದ್ದು ಕೇಳುತ್ತಿತ್ತು. ನಾನು ಇಷ್ಟಪಟ್ಟುಕೊಂಡು ಬಂದ ಮೌನ ಇದೇ. ಇದರೊಳಗೆ ಅಪ್ಪನ ಹಿಮ್ಮಡಿ ಒಡೆದದ್ದು. ಐದು. ಆರು. ಏಳನೆಯದಕ್ಕೆ ಕಾಯಲಿಲ್ಲ.

"ಅಕ್ಕ, ನಿನಗೆ ಕಾಗದ ಬಂದಿತ್ತು."

ಛತ್ರಿ ಗಕ್ಕನೆ ನಿಂತಂತಾಯಿತು.

"ವಿಮಾನ ನಡೆಸೋದು ಕಲಿಸೋ ಶಾಲೆಯಿಂದ. ನೀನು ಬರೆದುಹಾಕಿ ಕಾದಿದ್ದೆಯಲ್ಲ, ಅವರು ಉತ್ತರಾನೇ ಕೊಡಲಿಲ್ಲ ಅಂದ್ಕೊಂಡೆಯಲ್ಲ. ಕೊಟ್ಟಿದ್ರು. ಬಾ ಅಂತ ಬರೆದಿದ್ರು. ಅಂಚೆಯವನ ಕೈಯಿಂದ ತಗೊಂಡಿದ್ದು ನಾನು. ಒಡೆದು ಓದಿದ್ದೂ ನಾನು. ಅಪ್ಪನಿಗೆ ಕೊಟ್ಟೆ. ಅಪ್ಪ ತುಂಬಾ ಹೊತ್ತು ಹಿಡ್ಕೊಂಡು ನಿಂತಿದ್ರು. ಆಮೇಲೆ ಬಚ್ಚಲ ಒಲೆಗೆ ಹಾಕಿದ್ರು. ಅಕ್ಕನಿಗೆ ಹೇಳಬೇಡ ಅಂದ್ರು. ಯಾಕೆ ಸುಟ್ರಿ ಅಂತ ಅಪ್ಪನ್ನ ಕೇಳೋಕೆ ನನಗೆ ಯಾವತ್ತೂ ಆಗ್ಲಿಲ್ಲ."

ಅವಳು ಬರುತ್ತಿದ್ದಳು. ದಾರ ಕಟ್ಟಿ ಎಳೆದಂತೆ ನೇರವಾಗಿ ಬರುತ್ತಿದ್ದಳು. ಈಗ ಅವಳ ಬೂಟು ಕಾಣುತ್ತಿತ್ತು. ಆ ಎತ್ತರದಲ್ಲಿ ನನ್ನ ಪ್ರತಿಯೊಂದು ಮಾತೂ ಅವಳಿಗೆ ಕೇಳಿಸುತ್ತದೆಂದು ನನಗೆ ಗೊತ್ತಿತ್ತು. ಗೋಡೆಯ ಬಳಿ ಜನ ತಲೆ ತಗ್ಗಿಸಿಕೊಂಡಿದ್ದರು. ಇಷ್ಟಕ್ಕೇ ನಿಲ್ಲಿಸಿದರೂ ಬಹುಶಃ ಸಾಕಿತ್ತು. ಆದರೆ ಕ್ವಾರಿಯ ಕಡೆಗೆ ಗಾಳಿ ಇನ್ನೂ ಬೀಸುತ್ತಿತ್ತು, ಬಹುಶಃ ಎಂಬುದನ್ನು ನಂಬಿ ನಿಲ್ಲುವ ಧೈರ್ಯ ನನಗಿರಲಿಲ್ಲ.

"ಅಪ್ಪನ ಹೆದರಿಕೆಗೆ ಸುಮ್ಮನಿದ್ದೆ ಅಂತ ನನಗೆ ನಾನೇ ಹೇಳ್ಕೊಂಡಿದೀನಿ. ಹೆದರಿಕೆ ಅಲ್ಲ ಅಕ್ಕ. ನೀನು ಹೋಗಿಬಿಟ್ರೆ ಮನೇಲಿ ನನಗ್ಯಾರು ಅನ್ನಿಸ್ತು. ಕಾಗದ ಉರಿದಾಗ ನನಗೆ ಸಮಾಧಾನ ಆಯ್ತು."

ನೆಲಕ್ಕೆ ಆಳೆತ್ತರ ಉಳಿದಾಗ ಅವಳು ಎರಡೂ ಹಗ್ಗಗಳನ್ನು ಒಟ್ಟಿಗೆ ಎದೆಯವರೆಗೆ ಎಳೆದಳು. ಪಾದಗಳು ಜೋಡಿಯಾಗಿದ್ದವು. ಮಂಡಿ ಚೂರು ಬಾಗಿತ್ತು. ಕಣ್ಣು ಮರದ ಸಾಲಿನ ಮೇಲಿತ್ತು. ತಾಗಿದಳು, ಪಕ್ಕಕ್ಕೆ ಉರುಳಿದಳು, ಕೈ ಊರಲಿಲ್ಲ. ಹೊಸಬರಲ್ಲಿ ಅಷ್ಟು ಸೊಗಸಾಗಿ ಇಳಿದವರನ್ನು ನಾನು ಕಂಡಿಲ್ಲ. ಛತ್ರಿ ಅವಳ ಹಿಂದೆ ನಿಧಾನವಾಗಿ ಬಿತ್ತು.

ಇಳಿದವರು "ಇಳಿದೆ" ಎನ್ನಬೇಕು. ಅದನ್ನು ಕೇಳಿದ ಮೇಲೆಯೇ ಮೇಷ್ಟ್ರು ಬಾವುಟ ಎತ್ತುವುದು, ಸೈರನ್ ಎರಡನೇ ಸಲ ಕೂಗುವುದು, ಊರು ಬಾಯಿ ಬಿಡುವುದು. ಹೆಚ್ಚಿನವರು ಪಾದ ತಾಗುವ ಮೊದಲೇ ಕೂಗಿಬಿಡುತ್ತಾರೆ. ಅಕ್ಕ ಹುಲ್ಲಿನ ಮೇಲೆ ಎದ್ದು ಕುಳಿತಳು. ದೊಡ್ಡ ಕನ್ನಡಕ ತೆಗೆದಳು. ಎದೆಯ ಬಕಲ್ ಬಿಚ್ಚಿದಳು, ತೊಡೆಯ ಬಕಲ್ ಬಿಚ್ಚಿದಳು. ಸುಮ್ಮನಿದ್ದಳು.

ಮೇಷ್ಟ್ರು ಬಾವುಟವನ್ನು ಅರ್ಧ ಎತ್ತಿ ಹಿಡಿದು ನಿಂತರು. ಒಂದು ನಿಮಿಷವಾಯಿತು, ಎರಡಾಯಿತು. ಊರು ಕಾಯುತ್ತಿತ್ತು. ಬಸ್ಸಿನವರು ಇಳಿದು ಗೋಡೆಯವರೆಗೆ ಬಂದರು. ಕಂಡಕ್ಟರ್ ಸೀಟಿಯನ್ನು ತುಟಿಗೆ ಇಟ್ಟುಕೊಂಡು ಊದದೆ ನಿಂತಿದ್ದ. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿ ಕೂಗಿ ನಿಂತಿತು. ನನಗೆ ಅವಳ ಬಳಿ ಹೋಗಬೇಕೆನ್ನಿಸಿತು. ಕಾಲು ವೃತ್ತದ ಗೆರೆ ದಾಟಲಿಲ್ಲ. ಹೇಳಬೇಕಾದದ್ದೆಲ್ಲ ಹೇಳಿ ಆಗಿತ್ತು, ಇನ್ನು ನನ್ನಲ್ಲಿ ಅವಳನ್ನು ಎಳೆಯುವಂಥದ್ದು ಏನೂ ಉಳಿದಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳು ತಲೆ ಎತ್ತಿದಳು.

"ಯಾವ ತಾರೀಖಿಗೆ ಬಾ ಅಂದಿದ್ರು?"

ಮೇಷ್ಟ್ರ ಬಾವುಟ ಕದಲಿ ಮತ್ತೆ ನಿಂತಿತು. ಅದು ಅವರು ಕಾಯುತ್ತಿದ್ದ ಮಾತಲ್ಲ.

"ಜೂನ್ ಹದಿನೇಳು," ಎಂದೆ. "ಸೋಮವಾರ. ಬೆಳಿಗ್ಗೆ ಹತ್ತೂವರೆಗೆ."

ಅವಳು ಹುಲ್ಲು ನೋಡುತ್ತಾ ಲೆಕ್ಕ ಹಾಕಿದಳು.

"ಅವತ್ತು ನಿನ್ನನ್ನ ಹೈಸ್ಕೂಲಿಗೆ ಸೇರಿಸಿದ್ದು."

"ಹೂಂ."

"ನಾನೇ ಕರ್ಕೊಂಡು ಹೋಗಿದ್ದೆ."

"ಹೂಂ."

"ದಾರಿ ಉದ್ದಕ್ಕೂ ಬಾಯಿ ಬಿಡಲಿಲ್ಲ ನೀನು. ಏನಾಯ್ತೋ ಅಂದ್ರೆ ಹೊಟ್ಟೆನೋವು ಅಂದೆ. ಸೋಡಾ ಕೊಡಿಸ್ದೆ ನಾನು."

ಆ ಸೋಡಾದ ಗೋಲಿಯ ಸದ್ದು ನನಗೆ ಇವತ್ತಿಗೂ ನೆನಪಿದೆ. ತಲೆಯಾಡಿಸಿದೆ.

ಅವಳು ಎದ್ದಳು. ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವಿಕೊಂಡಳು. ನನ್ನ ಕಡೆ ನೋಡದೆ ಮೇಷ್ಟ್ರ ಕಡೆ ತಿರುಗಿ, ಕೆಲಸಕ್ಕೆ ಹಾಜರಿ ಹೇಳುವಂತೆ, "ಇಳಿದೆ" ಎಂದಳು.

ಸೈರನ್ ಕೂಗಿತು. ಊರು ಒಮ್ಮೆಲೇ ಮಾತಾಡತೊಡಗಿತು. ಸೊಪ್ಪಿನವರು, ಬಸ್ಸಿನವರು, ಜಗಳ ನಿಲ್ಲಿಸಿದ್ದವರು, ಎಲ್ಲರೂ ಬೇಕೆಂದೇ ಬೇರೆ ಬೇರೆ ವಿಷಯಗಳನ್ನು ಎತ್ತಿಕೊಂಡು ಜೋರಾಗಿ ಆಡುತ್ತಿದ್ದರು. ನನ್ನ ಪಕ್ಕ ಹಾದವರೊಬ್ಬರು ಈ ಸಲ ಹುಣಸೆಹಣ್ಣು ಎಷ್ಟು ದುಬಾರಿ ಎಂದು ನನಗೆ ಹೇಳಿ ಹೋದರು. ಅಕ್ಕ ಛತ್ರಿಯನ್ನು ತೋಳಿನ ಮೇಲೆ ರಾಶಿ ಹಾಕಿಕೊಂಡು ಶೆಡ್ಡಿನ ಕಡೆ ನಡೆದಳು.

ಜಿಗಿದ ದಿನ ಜಿಗಿದವರು ಛತ್ರಿ ಮಡಿಸುವ ರೂಢಿಯಿಲ್ಲ. ಅವಳಿಗೆ ಅದನ್ನು ಹೇಳುವವರಾರು. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಅವಳು ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಹಗ್ಗಗಳ ತುದಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿದ್ದಳು. ಒಬ್ಬಳೇ ಒಂದೊಂದು ಮಡಿಕೆಯನ್ನೂ ಅಂಗೈಯಿಂದ ತೀಡುತ್ತಿದ್ದಳು. ಕೆಲಸ ಸರಾಗವಾಗಿ ಸಾಗಿತ್ತು. ಕೊಕ್ಕೆ ನನಗಿಂತ ಚೆನ್ನಾಗಿ ಹಿಡಿದಿತ್ತು.

ಅರ್ಧ ಮಡಿಸಿದ್ದಳು. ಆಗ ಮೇಜನ್ನು ಸುತ್ತಿ ಗೋಡೆಯ ಬಳಿ ಬಂದು ಹಗ್ಗಗಳನ್ನು ಕೊಕ್ಕೆಯಿಂದ ತೆಗೆದಳು. ತುದಿಯನ್ನು ಗಾಳಿಯಲ್ಲಿ ಹಿಡಿದು ನಿಂತಳು. ನನ್ನ ಕಡೆ ನೋಡಲಿಲ್ಲ. ಹೊರಗೆ ಊರೆಲ್ಲ ಮಾತಾಡುತ್ತಿತ್ತು.

ನಾನು ಒಳಗೆ ಹೋಗಿ ಹಗ್ಗ ಹಿಡಿದೆ. ಕೈ ನಡುಗುತ್ತಿತ್ತು, ನಡುಕ ಹಗ್ಗದಗುಂಟ ಬಟ್ಟೆಯವರೆಗೆ ಹೋಯಿತು. ಅವಳು ಆ ತುದಿಗೆ ಹೋಗಿ, ಅದು ತಾನಾಗಿ ನಿಲ್ಲುವವರೆಗೆ ಕಾದಳು. ಆಮೇಲೆ ಮಡಿಸತೊಡಗಿದಳು.